ಜಾಂಬೋಟಿ ದಾರಿಯಲ್ಲಿ ಹೊಸ ಟೈರು

ಹೋದ ವಾರ ಕಾರು ನಿಲ್ಲಿಸುವ ನೆಲಮಾಳಿಗೆಗೆ ಇಳಿದಾಗ ಹೊಸ ರಬ್ಬರಿನ ವಾಸನೆ ಗಪ್ಪನೆ ಬಂತು. ಯಾರೋ ಟೈರು ಬದಲಿಸಿದ್ದರು. ಇದೇ ವಾಸನೆ ತುಂಬಿದ್ದ ಒಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ದಿನ ನೆನಪಾಗಿ ಅಲ್ಲೇ ನಿಂತೆ.

ಆಗ ನಾವು ಬೆಳಗಾವಿಯ ಕ್ಯಾಂಪಿನಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಯಜಮಾನರನ್ನು ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಅವರ ಹೆಂಡತಿ ನನಗೆ ವೈನಿ, ಅಂದರೆ ಅತ್ತಿಗೆ. ವೈನಿ ಜಾಂಬೋಟಿ ಕಡೆಯ ಒಂದು ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ತಮ್ಮ ಸಣ್ಣ ಕಾರಿನಲ್ಲಿ ಹೊರಟು, ಖಾನಾಪುರದಲ್ಲಿ ಇನ್ನೂ ಮೂವರು ಟೀಚರರನ್ನು ಹತ್ತಿಸಿಕೊಂಡು ಕಾಡಿನ ದಾರಿ ಹಿಡಿಯುತ್ತಿದ್ದರು.

ರವಿವಾರ ಅದೇ ಕಾರು ಆಟೋಕ್ರಾಸಿಗೆ. ಉದ್ಯಮಬಾಗದ ಆಚೆ, ಮುಚ್ಚಿದ ಕಾರ್ಖಾನೆಯೊಂದರ ಅಂಗಳದಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಸುತ್ತುಬಳಸಿನ ದಾರಿ ಮಾಡಿರುತ್ತಿದ್ದರು. ಒಂದೊಂದೇ ಕಾರು ಓಡಬೇಕು, ಕೋನು ಬೀಳಬಾರದು, ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ. ವೈನಿ ಯಾವಾಗಲೂ ಎರಡನೆಯವರು. ಮೊದಲು ಬರುತ್ತಿದ್ದವನ ಕಾರಿಗೆ ಮೆತ್ತನೆ ರಬ್ಬರಿನ, ಗೆರೆ ಕಡಿಮೆಯಿರುವ ಟೈರುಗಳಿದ್ದವು; ಒಣ ನೆಲದಲ್ಲಿ ಅವುಗಳ ಹಿಡಿತ ಜಾಸ್ತಿ, ನೀರಿನ ಮೇಲೆ ಜಾರುವ ಭಯ. ವೈನಿಗೂ ಅವೇ ಬೇಕಾಗಿದ್ದವು. ಆದರೆ ಎರಡು ಸೆಟ್ ಟೈರು ಇಡಲು ಮನೆಯಲ್ಲಿ ಜಾಗವಿಲ್ಲ, ವಾರವಾರವೂ ಬಿಚ್ಚಿ ಹಾಕಿಸಲು ಪುರುಸೊತ್ತಿಲ್ಲ. ರವಿವಾರದ ಟೈರೇ ಸೋಮವಾರವೂ ಓಡಬೇಕು, ಮಳೆಯಲ್ಲಿ, ಮೂವರನ್ನು ಕೂರಿಸಿಕೊಂಡು.

ಉದ್ಯಮಬಾಗದ ಟೈರ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ವೈನಿ ಟೈರಿಗೆ ಉಗುರು ಒತ್ತಿ ನೋಡಿದರು, ಮೂಸಿ ನೋಡಿದರು, ಪಕ್ಕದಲ್ಲಿ ಅಚ್ಚಾಗಿದ್ದ ತಯಾರಿಕೆಯ ವಾರ, ವರ್ಷ ಓದಿದರು. ನಾಲ್ಕರದ್ದೂ ಓದಿದರು. ಎಲ್ಲ ಸರಿಯಿತ್ತು. ಅದೇ ಅವರಿಗೆ ಸಂಶಯ. ಅಂಗಡಿಯ ಸಾವಕಾರರನ್ನೇ ಕೇಳಿದರು.

“ಸಾವ್ಕಾರ್ರ, ಮಳ್ಯಾಗ ಹೆಂಗ್ರಿ ಇವು?”

“ಏನೂ ಆಗೂದಿಲ್ರಿ ಟೀಚರ್ರ. ರೋಡಿಗೆ ಗೋಂದ ಹಚ್ಚಿದಂಗ ಅಂಟ್ಕೋತಾವ.”

“ಹಂಗಾರ ಹಾಕ್ರಿ. ಹಾಕಿ ನೀವೂ ಗಾಡ್ಯಾಗ ಕುಂದರ್ರಿ. ಜಾಂಬೋಟಿಗೆ ಹೋಗಿ ಚಹಾ ಕುಡದು ಬರೂಣು. ಬಂದ ಮ್ಯಾಲೆ ರೊಕ್ಕ.”

ಸಾವಕಾರರು ಹೊರಗೆ ಬಂದು ಮೋಡ ನೋಡಿದರು. “ಅಂಗಡಿ ಯಾರ್ ನೋಡ್ಬೇಕ್ರಿ?”

“ಯಾಕ್ರಿ, ಗೋಂದ ಆರೇತೇನು?”

ಅಂಗಡಿಯ ಕೆಲಸದವರೆಲ್ಲ ನಕ್ಕರು. ಸಾವಕಾರರಿಗೆ ಬೇರೆ ದಾರಿ ಉಳಿಯಲಿಲ್ಲ; ಟೈರು ಹಾಕಿಸಿ ಮುಂದಿನ ಸೀಟಿನಲ್ಲಿ ಕೂತರು. ವೈನಿ ನನಗೆ ಹಿಂದಿನ ಬಾಗಿಲು ತೆರೆದರು. “ನೀ ನಡುವ ಕುಂದರು. ನಾಳಿ ಮಾತು ಬಂದ್ರ ಸಾಕ್ಷಿ ಬೇಕು.”

ಜಾಂಬೋಟಿ ಇನ್ನೂ ಸ್ವಲ್ಪ ದೂರವಿರುವಾಗ ಮಳೆ ಜೋರಾಯಿತು. ಗದ್ದೆಯ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಒಂದು ಬಲ ತಿರುವು. ವೈನಿಯ ಎಡಗೈ ಗೇರಿನ ಮೇಲಿದ್ದುದನ್ನು ನೋಡಿದೆ. ಆಮೇಲೆ ನಾನು ರಸ್ತೆ ನೋಡಿದೆ. ಕಾರಿನ ಹಿಂಭಾಗ ಜಾರಿತು. ಸದ್ದೇ ಇರಲಿಲ್ಲ... ಗಾಜಿನಲ್ಲಿ ರಸ್ತೆ ಹೋಗಿ ಮರದ ಬೊಡ್ಡೆ ಬಂತು, ಮರ ಹೋಗಿ ಗದ್ದೆ ಬಂತು. ಕಾರು ಬದುವಿನ ಅಂಚಿಗೆ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಸಾವಕಾರರು ಕಣ್ಣು ಮುಚ್ಚಿಕೊಂಡಿದ್ದರು. ಹ್ಯಾಂಡ್ ಬ್ರೇಕು ಮೇಲಿತ್ತು.

ಇಳಿದೊಡನೆ ಸಾವಕಾರರು ಕೂಗಿದರು. “ನೀವ ಬೇಕಂತ ಜಾರ್ಸಿದ್ರಿ! ತಿರುವಿನ್ಯಾಗ ಹ್ಯಾಂಡ್ ಬ್ರೇಕ್ ಎಳದು ಹಿಂದಿನ ಗಾಲಿ ಹಿಡಿಸಿದ್ರಿ!”

“ಗಾಡಿ ನಿಂತ ಮ್ಯಾಲೆ ಎಳದೀನ್ರಿ. ನನ್ನ ಗಾಡಿ ನಾನ ಗಿಡಕ್ಕ ಗುದ್ದಸ್ಲೇನು?”

ಇಬ್ಬರೂ ನನ್ನ ಕಡೆ ತಿರುಗಿದರು. ಅಂದು ಹೇಳಿದ್ದನ್ನೇ ಇಂದೂ ಹೇಳುತ್ತೇನೆ. ತಿರುವಿಗೆ ಮೊದಲು ಕೈ ಗೇರಿನ ಮೇಲಿತ್ತು, ನಿಂತ ಮೇಲೆ ಬ್ರೇಕು ಮೇಲಿತ್ತು. ನಡುವೆ ಏನಾಯಿತೋ ನಾನು ಕಾಣೆ.

ವೈನಿಯ ಮೇಲೆ ನನಗೂ ಅನುಮಾನವಿತ್ತು. ಆ ಟೈರುಗಳ ಆಸೆ ಅವರಿಗೆ ಎಷ್ಟಿತ್ತೆಂದು ನೋಡಿದವನು ನಾನು. ಟೈರು ತಾನಾಗಿ ಜಾರದಿದ್ದರೂ, ದಿನಾ ಕೂರಿಸಿಕೊಳ್ಳುವ ಆ ಮೂವರನ್ನು ನೆನೆದು ಅವರೇ ಜಾರಿಸಿ ಆ ಆಸೆಯನ್ನು ಮುಗಿಸಿಕೊಂಡರೇ? ಅಥವಾ ಸಾವಕಾರರ ಗೋಂದದ ಮಾತೇ ಸುಳ್ಳೇ? ಆ ಸಂಜೆಯೇ ವೈನಿ ಆಳವಾದ ಗೆರೆಗಳ ಸಾದಾ ಟೈರು ಹಾಕಿಸಿಕೊಂಡರು. ಮುಂದಿನ ರವಿವಾರ ಅವುಗಳಲ್ಲೇ ಓಡಿ ಕೊನೆಯವರಾದರು. ತಮ್ಮ ಸಮಯ ಕೇಳಿ ನಕ್ಕರು. ಆ ನಗು ಪೂರ್ತಿ ನಗುವಾಗಿರಲಿಲ್ಲ.

ಒಮ್ಮೆ ಮಾತ್ರ ಧೈರ್ಯ ಮಾಡಿ ಕೇಳಿದೆ. “ವೈನಿ, ಖರೇ ಹೇಳ್ರಿ, ಯಾವಾಗ ಎಳದ್ರಿ?”

“ಸಾಕ್ಷಿ ನೀನು. ನನ್ನ ಯಾಕ ಕೇಳ್ತಿ?”

ವೈನಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಎಷ್ಟೋ ಮಳೆಗಾಲಗಳು ಕಳೆದಿವೆ. ಅವರನ್ನು ಮಣ್ಣು ಮಾಡುವಾಗ ಖಾನಾಪುರದ ಆ ಮೂವರು ಟೀಚರರೂ ಬಂದಿದ್ದರು...

ನೆಲಮಾಳಿಗೆಯ ಆ ವಾಸನೆಯ ಮರುದಿನ ಸಾವಕಾರರ ಅಂಗಡಿಗೆ ಹೋದೆ. ಚಹಾ ತರಿಸಿದರು. ಒಂದು ಗುಟುಕು ಕುಡಿದು, “ಆ ಹ್ಯಾಂಡ್ ಬ್ರೇಕ್...” ಎಂದರು.

“ನಾ ನೋಡಿಲ್ರಿ ಸಾವ್ಕಾರ್ರ.”

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಮೆತ್ತನೆ ಟೈರು ಕೇಳಿದ. ಸಾವಕಾರರು ಅದನ್ನು ಕೆಳಗಿಳಿಸಿ, ಕೈಯಲ್ಲೇ ಹಿಡಿದು, “ಮಳ್ಯಾಗ ಯಾವ ದಾರೀಲೆ ಓಡಾಡ್ತೀರಿ?” ಎಂದರು.

“ಜಾಂಬೋಟಿ ಮ್ಯಾಲೆ ಗೋವಾಕ್ಕ ಹೋಗ್ತಿರ್ತೀನ್ರಿ.”

ಸಾವಕಾರರು ಟೈರನ್ನು ಮೇಲಿಟ್ಟರು. ಗಿರಾಕಿ ಯಾಕೆಂದು ಕೇಳಿದ. ಅವರು ನನ್ನ ಕಡೆ ನೋಡಿದರು. ನಾನು ಚಹಾದ ಲೋಟ ಕೆಳಗಿಟ್ಟೆ. ಹೇಳಬಲ್ಲವರು ವೈನಿ ಒಬ್ಬರೇ ಇದ್ದರು.