ಮೇಷ್ಟ್ರ ಸಂಜೆ ಬ್ಯಾಚು

“ಮೊದಲಲ್ಲಿರೋ ದೊಡ್ಡ ಅಂಕಿ ಎಷ್ಟು ಬೇಕಾದ್ರೂ ಬದಲಾಯಿಸು ತಾಯಿ, ಅಕ್ಷರದ ಕಾಲ ಹತ್ತಿರದ ಚಿಕ್ಕ ಅಂಕಿ ಮಾತ್ರ ಮುಟ್ಟಬೇಡ. ಸಮೀಕರಣದ ಎರಡೂ ಕಡೆ ಸರಿಹೋಗ್ಲಿ ಅಂತ ನೀರಿಗೆ ಇನ್ನೊಂದು ಆಕ್ಸಿಜನ್ ಅಂಟಿಸಿದ್ರೆ ಅದು ಕುಡಿಯೋ ನೀರಾ? ಗಾಯ ತೊಳೆಯೋ ಪೆರಾಕ್ಸೈಡು,” ಎಂದು ಕೆಮಿಸ್ಟ್ರಿ ಟ್ಯೂಷನ್ ಮೇಷ್ಟ್ರು ಬೆಳಗಿನ ಪಾಠದಲ್ಲಿ ನೂರನೇ ಸಲ ಹೇಳುತ್ತಿದ್ದರು. ಇವತ್ತೇ ಕೊನೆ, ನಾಳೆಯಿಂದ ಕೋಚಿಂಗ್ ಸೆಂಟರಿಗೆ ಹೋಗುತ್ತೇನೆ ಎಂದು ಹೇಳಲು ಬಂದಿದ್ದ ಹುಡುಗಿ, ಏನೋ ಹೇಳಬೇಕು ಸರ್ ಎಂದಷ್ಟೇ ಅಂದು ಪುಸ್ತಕ ಬಿಚ್ಚಿ ಕೂತಿದ್ದಳು. ಮೇಷ್ಟ್ರು ಇರುವುದೇ ಹಾಗೆ. ಸಮೀಕರಣದ ಬಾಣದ ಆಚೆ ಈಚೆ ಒಂದೊಂದು ಕೈಯಿಟ್ಟು, ಮದುವೆಮನೆಯಲ್ಲಿ ತಲೆ ಎಣಿಸಿದಂತೆ ಪರಮಾಣು ಎಣಿಸುತ್ತಾರೆ. ಒಂದು ಕಡಿಮೆ ಬಿದ್ದರೆ ಮೇಜಿನ ಕೆಳಗೂ ಬಗ್ಗಿ ಹುಡುಕುತ್ತಾರೆ. ಮೋಲ್ ಅಂದರೇನು ಸರ್ ಎಂದರೆ, “ಡಜನ್ ಗೊತ್ತಲ್ಲ, ಅದರ ದೊಡ್ಡಪ್ಪ” ಎನ್ನುತ್ತಾರೆ. ಕೋಚಿಂಗ್ ಎಂದರೆ ಮಾತ್ರ ಮುಖ ಗಂಟಿಕ್ಕುತ್ತದೆ: “ಅಲ್ಲಿ ಟಿಕ್ ಹಾಕೋದು ಕಲಿಸ್ತಾರೆ, ಎಣಿಸೋದಲ್ಲ. ನನ್ನ ಸಂಜೆ ಬ್ಯಾಚಲ್ಲಿ ಹನ್ನೊಂದು ಜನ ಇದಾರೆ, ಕೇಳಿ ನೋಡು.” ಅವರು ಸೀಮೆಸುಣ್ಣ ತರಲು ಒಳಗೆ ಹೋದಾಗ ಹುಡುಗಿ ಮೂಲೆಯಲ್ಲಿ ಜೋಡಿಸಿದ್ದ ಸಂಜೆ ಬ್ಯಾಚಿನ ಹನ್ನೊಂದು ನೋಟ್‌ಬುಕ್ ತೆರೆದು ನೋಡಿದಳು. ಪುಟಪುಟಕ್ಕೂ ತಪ್ಪು, ತಪ್ಪಿಗೆಲ್ಲ ಕೆಂಪು ಗೆರೆ. ಆದರೆ ಹನ್ನೊಂದರಲ್ಲೂ ಬೋರ್ಡಿನ ಮೇಲಿದ್ದ ಅದೇ ಬಾಲ ಬಿಟ್ಟ ಎರಡು, ಅದೇ ಬಾಗಿದ ಏಳು. ತಪ್ಪು ಬರೆದ ಕೈಯೂ ತಿದ್ದಿದ ಕೈಯೂ ಮೇಷ್ಟ್ರದೇ. “ಏನೋ ಹೇಳಬೇಕು ಅಂದ್ಯಲ್ಲ?” ಎಂದು ಅವರು ಹೊರಬಂದರು. “ಮುಂದಿನ ವಾರದಿಂದ ಸಂಜೆ ಬ್ಯಾಚಿಗೆ ಬರಲಾ ಸರ್?” ಮೇಷ್ಟ್ರು ಮೂಲೆಯ ನೋಟ್‌ಬುಕ್ಕುಗಳ ಕಡೆ ನೋಡಿ ಕೈಯ ಸುಣ್ಣ ಒರೆಸಿಕೊಂಡರು. “ಅಲ್ಲಿ ಜಾಗ ಇಲ್ಲಮ್ಮ. ಬರೋ ವಾರಾನೂ ಬೆಳಿಗ್ಗೆನೇ ಬಾ.” “ಬರ್ತೀನಿ ಸರ್,” ಎಂದಳು.