ಬಾವಿ ರಾಟೆಗೆ ಬಗ್ಗಿದ ಪೈಪು

ಚಿತ್ತೇಶ ಮಾಡಿದ ಗೇಟುಗಳಲ್ಲಿ ಒಂದು ಬಳುಕು ಅಂತ ಕಾಣುತ್ತಿರಲಿಲ್ಲ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ರಸ್ತೆಯ ಆಚೀಚೆ, ತೆಂಗಿನ ತೋಟಗಳ ಬಾಯಿಗೆ ಅವನು ಕೂರಿಸಿದ ಗೇಟುಗಳು ಸಾಲಾಗಿ ಸಿಗುತ್ತಿದ್ದವು. ಉದ್ದಕ್ಕೆ ಒಂದಿಷ್ಟು ಪೈಪು, ಅಡ್ಡಕ್ಕೆ ಒಂದಿಷ್ಟು ಪಟ್ಟಿ, ಮುಗಿಯಿತು. ಗಟ್ಟಿ ಅಂದರೆ ಗಟ್ಟಿ. ಎಮ್ಮೆ ಬಂದು ಮೈ ಉಜ್ಜಿಕೊಂಡರೂ ಅಲುಗುತ್ತಿರಲಿಲ್ಲ. ಆದರೆ ಹೋಗಿಬರುವವರು ತೋಟದ ಯಜಮಾನನನ್ನು ಹಿಡಿದು "ಒಳಗೆ ಯಾರ್ನ ಕೂಡಾಕಿದೀರಿ?" ಎಂದು ಕೇಳುತ್ತಿದ್ದರು. ಆ ಮಾತು ಸುತ್ತಿ ಬಳಸಿ ಚಿತ್ತೇಶನ ಕಿವಿಗೂ ಬೀಳುತ್ತಿತ್ತು. ಅವನು ಕೇಳಿಸಲೇ ಇಲ್ಲವೇನೋ ಎಂಬಂತೆ ಇನ್ನೊಂದು ವೆಲ್ಡಿಂಗ್ ಕಡ್ಡಿ ಸಿಕ್ಕಿಸಿಕೊಳ್ಳುತ್ತಿದ್ದ.

ಪೈಪು ಬಗ್ಗಿಸುವ ಸಾಧನವೇ ಇಲ್ಲದವನು ನೆಟ್ಟಗೆ ಮಾಡದೆ ಇನ್ನೇನು ಮಾಡಿಯಾನು? ತುರುವೇಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತು, ಯಮುನಾಳನ್ನು ಮದುವೆಯಾದ ಮೇಲೆ ತನ್ನ ಗೊಲ್ಲರಹಟ್ಟಿಗೇ ವಾಪಸು ಬಂದು, ಮನೆಯ ಹಿಂದೆ ತಗಡಿನ ಮಾಡು ಇಳಿಸಿ ಅಂಗಡಿ ಮಾಡಿಕೊಂಡಿದ್ದ. ಒಂದು ವೆಲ್ಡಿಂಗ್ ಸೆಟ್ಟು, ಪೈಪು ಕಚ್ಚಿ ಹಿಡಿಯುವ ಒಂದು ವೈಸು, ಕಟಿಂಗ್ ಮೆಷಿನ್ನು, ಇಷ್ಟು ಆಸ್ತಿ. ಅದೂ ಕರೆಂಟು ಇದ್ದಾಗ ಮಾತ್ರ. ಬಾಗಿದ ಕೆಲಸ ಬೇಕೆಂದು ಯಾರಾದರೂ ಬಂದರೆ "ತಿಪಟೂರಿಗೆ ಹೋಗಿ" ಎನ್ನುತ್ತಿದ್ದ. ಹಾಗೆನ್ನುವಾಗೆಲ್ಲ ಅವನ ಮುಖ ಗಂಟಾಗುತ್ತಿತ್ತು. ಮನುಷ್ಯರ ಮೇಲೆ ಸಿಟ್ಟು ಮಾಡುವ ಗುಣ ಅವನದಲ್ಲ. ಅವನ ಸಿಟ್ಟೆಲ್ಲ ಕಬ್ಬಿಣದ ಮೇಲೆ.

ಎರಡು ಸಾವಿರದ ಎರಡನೇ ಇಸವಿಯ ಚಳಿಗಾಲದಲ್ಲಿ ಅವನ ಅವ್ವ ಕಾಟಮ್ಮ ಕುರಿ ರೊಪ್ಪದಲ್ಲಿ ಬಿದ್ದಳು. ಬಿದ್ದಳು ಅನ್ನುವುದಕ್ಕಿಂತ, ತಾನೇ ಸಾಕಿದ ಟಗರು ಗುಮ್ಮಿ ಕೆಡವಿತು. ಸೊಂಟದ ಮೂಳೆ ಮುರಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಒಳಗೆ ರಾಡು ಹಾಕಿ, ನಾಲ್ಕು ಕಾಲಿನ ಒಂದು ಅಲ್ಯೂಮಿನಿಯಂ ವಾಕರ್ ಕೊಟ್ಟು ಕಳಿಸಿದರು. ಅಷ್ಟರಲ್ಲಿ ಮನೆಯವರು ಟಗರನ್ನು ಸಂತೆಗೆ ಹೊಡೆದು ಮಾರಿದ್ದರು. ಮನೆಗೆ ಬಂದವಳು ಮೊದಲು ಜಗಳ ಆಡಿದ್ದು ಅದಕ್ಕೇ: "ಅದ್ಕೇನ್ ಗೊತ್ತಾಯ್ತದಲಾ, ಪಾಪ. ನನ್ ಕೇಳ್ದೆ ಹೊಡುದ್ಬುಟ್ರಲ್ಲ!"

ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದ ಹೆಂಗಸು. ಅವಳನ್ನು ಜಗಲಿಯ ಮೇಲೆ ಕೂರಿಸಿದರೆ ಏನಾಗಬೇಕೋ ಅದೇ ಆಯಿತು. ಮೊದಮೊದಲು ಎಲ್ಲರನ್ನೂ ಬಯ್ದಳು, ಆಮೇಲೆ ಬಯ್ಯುವುದನ್ನೂ ಬಿಟ್ಟಳು. ಮುದ್ದೆ ಅರ್ಧಕ್ಕೇ ಸಾಕೆನ್ನತೊಡಗಿದಳು. ರೊಪ್ಪದಲ್ಲಿ ಕುರಿಗಳು ಮರಿ ಹಾಕುತ್ತಿದ್ದ ಕಾಲ ಅದು. ಪ್ರತಿ ಸಂಜೆ ಮರಿಗಳ ಕೂಗು ಕೇಳಿ ಅವಳು ಆ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. ಅವ್ವ ಬಯ್ಯದೆ ಸುಮ್ಮನಿರುವುದನ್ನು ಕಂಡರೆ ಚಿತ್ತೇಶನಿಗೆ ಭಯವಾಗುತ್ತಿತ್ತು. ಹೀಗೇ ಬಿಟ್ಟರೆ ಅವಳು ಎದ್ದು ಓಡಾಡುವುದಿಲ್ಲ, ಹೆಚ್ಚು ಕಾಲ ಇರುವುದೂ ಇಲ್ಲ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ವಾಕರಿನಲ್ಲಿ ಅವಳು ಮನೆಯೊಳಗೆ ನಡೆಯುತ್ತಿದ್ದಳು. ಆದರೆ ಹೊರಗಿನ ನೆಲದಲ್ಲಿ ಗರಸು ಮತ್ತು ಮರಳು. ಕಾಲಿನ ತುದಿಯ ರಬ್ಬರು ಬೇಗ ಸವೆದು ತೂತಾಯಿತು. ರಬ್ಬರು ಹೋದ ಮೇಲೆ ಬರಿಯ ಕೊಳವೆಗಳು ಮಣ್ಣಿಗೆ ಹೂತುಕೊಂಡವು. ಚಿತ್ತೇಶ ತನ್ನ ಹಳೆಯ ಹವಾಯಿ ಚಪ್ಪಲಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ನಾಲ್ಕೂ ಕಾಲಿಗೆ ತೊಡಿಸಿ, "ತಗೋ ಅವ್ವ, ಈಗ ರೊಪ್ಪಕ್ಕೆ ಹೋಗು" ಎಂದು ತಂದು ನಿಲ್ಲಿಸಿದ. ಅಲ್ಲಿಗೆ ಕೆಲಸ ಕೆಟ್ಟಿತು.

ರೊಪ್ಪಕ್ಕೆ ಹೋಗಬೇಕಾದರೆ ದೇವರ ಅಂಗಳ ದಾಟಿಯೇ ಹೋಗಬೇಕು. ಹಟ್ಟಿಯ ನಡುವಿನ ಆ ಅಂಗಳಕ್ಕೆ ಯಾರೂ ಮೆಟ್ಟು ಮೆಟ್ಟಿಕೊಂಡು ಕಾಲಿಡುವಂತಿಲ್ಲ. ಆ ಕಟ್ಟಳೆಗೆ ಇಷ್ಟು ವರ್ಷ ಕಾವಲು ನಿಂತವಳೇ ಕಾಟಮ್ಮ. ಮೀಟರ್ ಓದಲು ಬಂದವನ ಬೂಟನ್ನೂ ಬಿಚ್ಚಿಸಿ, ಬಿಸಿಲಲ್ಲಿ ಕುಣಿಯುತ್ತಾ ನಡೆಯುವ ಹಾಗೆ ಮಾಡಿದ್ದಳು.

ಅವಳು ಬಗ್ಗಿ ವಾಕರಿನ ಪಾದಗಳನ್ನು ನೋಡಿದಳು. "ಇದೇನ್ಲಾ ಇದು? ನಿನ್ ಮೆಟ್ಟಲ್ವಾ?"

"ಮೆಟ್ಟಲ್ಲ ಕಣವ್ವ, ರಬ್ಬರು."

"ಮೆಟ್ಟಿನ್ ರಬ್ಬರು ಮೆಟ್ಟೇ ಕಣ್ಲಾ. ಊರೋರ್ ಮೆಟ್ಟೆಲ್ಲ ಬಿಚ್ಚಿಸ್ದೋಳು ನಾನೇ ನಾಕ್ ಮೆಟ್ಟು ಮೆಟ್ಕಂಡು ದೇವ್ರ ಮುಂದೆ ಹೋಗ್ಲಾ?"

ಪೂಜಾರಿ ದಾಸಣ್ಣನನ್ನು ಕರೆಸಿದ್ದಾಯಿತು. "ಕಾಯ್ಲೆ ಮನ್ಸರಿಗೆ ಅದೆಲ್ಲ ಇಲ್ಲ ಬುಡವ್ವ, ದೇವ್ರೇನ್ ಅಷ್ಟು ಕೆಟ್ಟೋನಾ" ಎಂದ ಅವನು. ಅವಳು ಒಪ್ಪಲಿಲ್ಲ. ಹೊಸ ರಬ್ಬರು ತಂದು ಹಾಕುತ್ತೇನೆಂದರೆ, ಕಾಲ ತುದಿಗೆ ಹಾಕಿದ ಮೇಲೆ ಹೊಸದಾದರೂ ಮೆಟ್ಟೇ ಎಂದಳು. ಎತ್ತಿಕೊಂಡು ಹೋಗುತ್ತೇನೆ ಅಂದದ್ದಕ್ಕಂತೂ ಕೆಂಡವಾದಳು: "ಸತ್ ಮ್ಯಾಲೆ ಹೊತ್ಕಂಡ್ ಹೋಗು. ಅಲ್ಲೀಗಂಟ ಮುಟ್ಬ್ಯಾಡ!"

ಚಿತ್ತೇಶ ಆ ಬಿಲ್ಲೆಗಳನ್ನು ಕಿತ್ತು ಬೇಲಿಯಾಚೆ ಎಸೆದ. ಎರಡು ದಿನ ಬೀಡಿ ಸೇದುತ್ತಾ ಕೂತ. ಪಾದಗಳೇ ಇಲ್ಲದಿದ್ದರೆ? ಎರಡೂ ಪಕ್ಕಕ್ಕೆ ನೆಲದ ಮೇಲೆ ಉದ್ದಕ್ಕೆ ಮಲಗಿದ ಒಂದೊಂದು ಪೈಪು. ಅದೇ ಪೈಪು ಮುಂದೆ ಬಾಗಿ ಮೇಲೆದ್ದು ಕೈಹಿಡಿಯಾಗಬೇಕು. ಆಗ ಅದು ಮಣ್ಣಿಗೆ ಹೂಳುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಬರೀ ಕಬ್ಬಿಣ, ಅವ್ವನ ಬರಿಗಾಲಿನ ಜೊತೆಗೆ ಇನ್ನೆರಡು ಬರಿಗಾಲು. ಆದರೆ ಮುಂದಿನ ಮೂಲೆಯನ್ನು ಕತ್ತರಿಸಿ ವೆಲ್ಡ್ ಮಾಡಿದರೆ ಅದು ಪ್ರತಿ ಕಲ್ಲಿಗೂ ಸಿಕ್ಕಿಕೊಂಡು ಅವಳನ್ನು ಮುಗ್ಗರಿಸುತ್ತದೆ. ಅಲ್ಲಿ ನುಣ್ಣಗೆ ಬಾಗಿದ ಪೈಪೇ ಬೇಕು. ಯಾವ ಕೆಲಸ ತನಗೆ ಬರುವುದಿಲ್ಲವೋ ಅದೇ ಕೆಲಸ ಅವ್ವನಿಗಾಗಿ ಬಂದು ಎದುರಿಗೆ ನಿಂತಿತ್ತು.

ತಿಪಟೂರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅದನ್ನು ಹಟ ಅನ್ನಿ, ಅಭಿಮಾನ ಅನ್ನಿ. ಅವ್ವ ಊರಿಕೊಂಡು ನಡೆಯುವುದನ್ನು ತಾನೇ ಮಾಡಬೇಕು ಅನ್ನಿಸಿತ್ತು. ಪೈಪನ್ನು ಒಂದು ತೆಂಗಿನ ಮರಕ್ಕೆ ಆನಿಸಿ ಎಳೆದು ನೋಡಿದ. ಅದು ಒಂದೇ ಕಡೆ ಮುರುಟಿ ಚಪ್ಪಟೆಯಾಯಿತು. ಪಕ್ಕದ ತೋಟದ ಸುವರ್ಣಮ್ಮನವರು ಅದನ್ನು ಕಂಡು, "ಮರ ಏನ್ ಮಾಡಿತ್ತೋ ನಿಂಗೆ?" ಎಂದು ಬಂದರು. ವಿಷಯ ಹೇಳುತ್ತಾ ಹೇಳುತ್ತಾ ಅವನ ಕಣ್ಣು ಅವರ ಹಾಳು ಬಾವಿಯ ಕಡೆ ಹೋಯಿತು. ಬೋರ್‌ವೆಲ್ ಬಂದ ಮೇಲೆ ಆ ಬಾವಿಯಲ್ಲಿ ನೀರು ಸೇದುವವರಿಲ್ಲ. ಎರಕದ ರಾಟೆ ಮಾತ್ರ ಕಂಬದಿಂದ ನೇತಾಡುತ್ತಿತ್ತು. ಹಗ್ಗ ಓಡುವ ಅದರ ತೋಡಿನಲ್ಲಿ ಮುಕ್ಕಾಲು ಇಂಚಿನ ಪೈಪು ಸರಿಯಾಗಿ ಕೂರುತ್ತದಲ್ಲ!

"ಅಮ್ಮಾ, ಆ ರಾಟೆ..."

"ನಾನು ಮದ್ವೆಯಾಗಿ ಬಂದಾಗ ಗಂಗೆ ಪೂಜೆ ಮಾಡಿದ ಬಾವಿ ಕಣಪ್ಪ ಅದು" ಎಂದು ಸುವರ್ಣಮ್ಮ ರಾಟೆಯ ಕಡೆ ನೋಡಿದರು. "ತಗೊಂಡ್ಹೋಗು. ಸುಮ್ನೆ ತುಕ್ಕು ಹಿಡಿಯೋ ಬದ್ಲು ನಿಮ್ಮವ್ವನ ನಡೆಸ್ಲಿ."

ರಾಟೆಯನ್ನು ಒಂದು ದಪ್ಪ ಕಬ್ಬಿಣದ ಹಲಗೆಗೆ ಅಡ್ಡ ಮಲಗಿಸಿ ಅಚ್ಚು ಬಡಿದ. ಪೈಪಿನ ಒಂದು ತುದಿ ಸಿಕ್ಕಿಸಲು ಕೊಕ್ಕೆ ಮಾಡಿದ. ರಾಟೆಯ ಸುತ್ತ ತಿರುಗುವ ಒಂದು ಉದ್ದನೆಯ ಸನ್ನೆಗೋಲು, ಅದಕ್ಕೊಂದು ಉರುಳೆ. ಸನ್ನೆಗೋಲು ಎಳೆದರೆ ಉರುಳೆ ಪೈಪನ್ನು ರಾಟೆಗೆ ಒತ್ತಿಕೊಂಡೇ ಸುತ್ತಬೇಕು. ಕರೆಂಟು ಬೇಡ, ಕೈ ಬಲ ಸಾಕು. ಅಂಗಡಿಯ ಬೇರೆ ಯಂತ್ರಗಳಿಗೆ ಇಡುತ್ತಿದ್ದಂತೆ ಯಮುನಾ ಇದಕ್ಕೂ ಅರಿಶಿನ ಕುಂಕುಮ ಇಟ್ಟಳು.

ಮೊದಲ ಪೈಪು ಬಾಗಿತು, ಆದರೆ ಬಾಗಿದ ಕಡೆ ಒಳಕ್ಕೆ ಕುಸಿಯಿತು. ಅದು ಅವನಿಗೆ ಗೊತ್ತಿದ್ದ ರೋಗವೇ. ಎರಡನೆಯದಕ್ಕೆ ಒಣಗಿದ ಮರಳು ಗಿಡಿದು ತುಂಬಿ, ಎರಡೂ ಬಾಯಿಗೆ ತೆಂಗಿನ ಮಟ್ಟೆಯ ಬಿರಡೆ ಜಡಿದ. ಹೆಂಡತಿಯನ್ನೂ ಸನ್ನೆಗೋಲಿಗೆ ಕರೆದ. ಇಬ್ಬರೂ ತೂಕ ಹಾಕಿ ಎಳೆದರು. ಪೈಪು ಗುಂಡಗೆ, ಒಂದು ಸುಕ್ಕೂ ಇಲ್ಲದೆ ಬಾಗಿಕೊಂಡು ಬಂತು. ಚಿತ್ತೇಶನ ಬಾಯಿ ಕಿವಿಯವರೆಗೆ ಹೋಯಿತು. ಬಿಚ್ಚಿ ನೆಲದ ಮೇಲಿಟ್ಟು ನೋಡಿದರೆ ಪೈಪು ಓರೆ. ಕೆಳಗಿನ ಭಾಗ ನೆಲಕ್ಕೆ ಕೂತರೆ ಮೇಲೆದ್ದ ಭಾಗ ಒಂದು ಪಕ್ಕಕ್ಕೆ ವಾಲಿತ್ತು. ಇನ್ನೊಂದು ಬಗ್ಗಿಸಿದ. ಅದೂ ಅಷ್ಟೇ ಓರೆ, ಅದೇ ಪಕ್ಕಕ್ಕೆ.

ಚಿತ್ತೇಶ ಸುತ್ತಿಗೆ ಎತ್ತಿದ. ರಾಟೆ ಎರಕದ್ದು, ಒಂದು ಏಟಿಗೆ ಎರಡು ಹೋಳಾಗುತ್ತಿತ್ತು. ಯಮುನಾ ಅವನ ಕೈ ಹಿಡಿದಳು. "ಹೊಡೀಬ್ಯಾಡಿ ಕಣ್ರೀ, ಇಲ್ನೋಡಿ" ಎಂದು ರಾಟೆಯ ತೋಡಿನೊಳಗೆ ಬೆರಳು ಆಡಿಸಿದಳು. "ಒಂದ್ ಕಡೆ ಆಳುಕ್ಕೆ ಸವ್ದೈತೆ. ನಮ್ಮವ್ವನ ಮನೇಲೂ ಹಿಂಗೇ ಆಗಿತ್ತು. ಎಲ್ರೂ ಕಟ್ಟೆಯ ಒಂದೇ ಪಕ್ಕ ನಿಂತ್ಕಂಡು ಸೇದ್ತಾರಲ್ಲ, ಹಗ್ಗ ಅದೇ ಕಡೆ ತಿಂದಿರ್ತದೆ."

ಚಿತ್ತೇಶ ಬೆರಳಿಟ್ಟು ನೋಡಿದ. ನಿಜ. ಸುವರ್ಣಮ್ಮ, ಅವರ ಅತ್ತೆ, ಅದಕ್ಕೂ ಹಿಂದಿನವರು, ಎಲ್ಲರೂ ನಿಂತು ಸೇದಿದ ಪಕ್ಕಕ್ಕೇ ಪೈಪು ಜಾರುತ್ತಿತ್ತು. ಸವೆದ ಎರಕದ ಕಬ್ಬಿಣವನ್ನು ಬೆಸುಗೆಯಿಂದ ತುಂಬುವುದು ಅವನ ವೆಲ್ಡಿಂಗ್ ಸೆಟ್ಟಿನಿಂದ ಆಗುವ ಮಾತಲ್ಲ. ಅವನು ಕೈ ಚೆಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವ್ವ ಜಗಲಿಯ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. ಬಹಳ ದಿನಗಳ ಮೇಲೆ ಅವಳು ಮನೆಯವರ ಕೆಲಸವನ್ನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ಬೋರಲು ಹಾಕಿದ್ರೆ?" ಎಂದಳು ಯಮುನಾ.

"ಬೋರಲು ಹಾಕಿದ್ರೆ ಆ ಕಡೆಗೆ ವಾಲ್ತದೆ, ಅಷ್ಟೇ" ಎಂದು ರೇಗಿದ ಚಿತ್ತೇಶ. ರೇಗಿದವನಿಗೆ ಅಲ್ಲೇ ಹೊಳೆಯಿತು. ತನಗೆ ಬೇಕಾದದ್ದು ಎರಡು ಪೈಪು. ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡೂ ಮೇಲುಗಡೆ ಒಳಕ್ಕೆ ವಾಲಿದರೆ ಕೆಳಗೆ ಅಗಲವಾಗುತ್ತದೆ. ಕೆಳಗೆ ಅಗಲವಾಗಿರುವುದು ಪಕ್ಕಕ್ಕೆ ಉರುಳುವುದು ಕಷ್ಟ. ಎದ್ದವನೇ ಅಚ್ಚು ಬಿಚ್ಚಿ, ರಾಟೆಯನ್ನು ಬೋರಲು ಹಾಕಿ ಇನ್ನೊಂದು ಪೈಪು ಬಗ್ಗಿಸಿದ.

ಎರಡು ಪೈಪುಗಳನ್ನೂ ಎದುರುಬದುರು ನಿಲ್ಲಿಸಿದಾಗ ಅವು ಆಗತಾನೆ ಎದ್ದು ನಿಂತ ಕುರಿಮರಿಯ ಕಾಲಿನ ಹಾಗೆ ಅಗಲಿಸಿಕೊಂಡು ನಿಂತವು. ಹಿಂದಕ್ಕೆ ನೆಟ್ಟನೆಯ ಕಾಲು, ಮುಂದಕ್ಕೊಂದು ಅಡ್ಡಪಟ್ಟಿ ಸೇರಿಸಿ ಬೆಸುಗೆ ಹಾಕಿದ. ಮೊದಲು ತಾನೇ ಅದರ ಮೇಲೆ ಇಡೀ ಭಾರ ಬಿಟ್ಟು ನೇತಾಡಿದ. ಆಮೇಲೆ ಯಮುನಾಳನ್ನೂ ಜೊತೆಗೆ ನೇತಾಡಲು ಕರೆದ. ಅವಳು ನಾಚಿಕೊಂಡು ಒಲ್ಲೆನೆಂದಳು; ಗಂಡ ಬಿಡಲಿಲ್ಲ. ಅದು ಅಲುಗಲಿಲ್ಲ. ಗರಸಿನ ಮೇಲೆ, ಮರಳಿನ ಮೇಲೆ, ಕಲ್ಲಿನ ಮೇಲೆ ಎಳೆದಾಡಿದ. ಬಾಗಿದ ಮೂತಿ ಪ್ರತಿ ಕಲ್ಲನ್ನೂ ಹತ್ತಿ ಇಳಿಯಿತು.

ಮಾರನೆಯ ದಿನ ಬಿಸಿಲು ಇಳಿದ ಮೇಲೆ ಅದನ್ನು ಅವ್ವನ ಮುಂದೆ ಇಟ್ಟ. ಕಾಟಮ್ಮ ಅದರ ಕೆಳಗನ್ನು ಕೈಯಿಂದ ಸವರಿ ನೋಡಿದಳು. ಹಿಂದಿನ ತುದಿಗೂ ಕೈ ಹಾಕಿ ನೋಡಿದಳು. ಎಲ್ಲೂ ರಬ್ಬರಿರಲಿಲ್ಲ.

"ಹಿಡ್ಕಬ್ಯಾಡ" ಎಂದಳು, ಚಿತ್ತೇಶ ರಟ್ಟೆಗೆ ಕೈ ಹಾಕುವ ಮೊದಲೇ.

ಒಂದು ಹೆಜ್ಜೆ, ಒಂದು ತಳ್ಳು. ಚಿತ್ತೇಶ ಹಿಂದೆ ಹಿಂದೆ ನಡೆದ. ದೇವರ ಅಂಗಳದ ಅಂಚಿನಲ್ಲಿ ಅವಳು ನಿಂತಳು. ಆ ಕಡೆ ದಾಸಣ್ಣ ಕಸ ಗುಡಿಸುತ್ತಿದ್ದವನು ಪೊರಕೆ ಹಿಡಿದೇ ನೋಡುತ್ತಾ ನಿಂತ. ಕಾಟಮ್ಮ ಒಂದು ಕೈ ಬಿಟ್ಟು ಹಣೆಗೆ ಮುಟ್ಟಿಸಿಕೊಂಡಳು, ತುಟಿ ಅಲುಗಿಸಿದಳು, ಮತ್ತೆ ಹಿಡಿದು ಒಳಗೆ ತಳ್ಳಿದಳು. ಕಬ್ಬಿಣ ಗರಸಿಗೆ ಉಜ್ಜುವ ಸದ್ದು ಅಂಗಳದ ಈ ತುದಿಯಿಂದ ಆ ತುದಿಯವರೆಗೂ ಕೇಳಿಸಿತು. ಚಿತ್ತೇಶ ಚಪ್ಪಲಿ ಬಿಟ್ಟು ಹಿಂದೆ ಓಡಿದ.

ರೊಪ್ಪದೊಳಗೆ ಹೋದವಳು ಕಲ್ಲಿನ ಮೇಲೆ ಕೂತು, ಸಿಕ್ಕಿದ ಮರಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಅದರ ಬಾಯಿ ಬಿಡಿಸಿ ನೋಡಿದಳು, ಹೊಟ್ಟೆ ತಡವಿದಳು. ಆಮೇಲೆ ಶುರುವಾಯಿತು: ರೊಪ್ಪ ಗುಡಿಸಿ ಎಷ್ಟು ದಿನವಾಯಿತು, ಈ ಮರಿಗೆ ಹಾಲು ಸಾಲದೆ ಹೊಟ್ಟೆ ಬೆನ್ನಿಗೆ ಹತ್ತಿದೆಯಲ್ಲ ಕಣ್ಣು ಕುರುಡೇನು, ತಾನು ಒಬ್ಬಳು ಬಿದ್ದುಕೊಂಡರೆ ಮನೆಯವರೆಲ್ಲ ಬಿದ್ದುಕೊಳ್ಳಬೇಕೇನು. ಚಿತ್ತೇಶ ಗೋಡೆಗೆ ಒರಗಿ ಒಂದೊಂದು ಬೈಗುಳವನ್ನೂ ಹೊಟ್ಟೆ ತುಂಬಾ ಕೇಳಿಸಿಕೊಂಡ. ಅವನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

ಹೊತ್ತು ಮುಳುಗುತ್ತಾ ಬಂತು. "ನಡಿಯವ್ವ, ಹೋಗಾನ" ಎಂದ.

"ಅದ್ಯಾಕ್ ನಿಂತ್ಕಂಡಿದೀಯ ಕಂಬದಂಗೆ? ನೀ ಹೋಗು. ಈ ಮರೀಗೆ ವಸಿ ಹಾಲು ಕುಡುಸ್ಬುಟ್ಟು ನಾನೇ ಬತ್ತೀನಿ."

ಚಿತ್ತೇಶ ಹೊರಟ. ದೇವರ ಅಂಗಳ ದಾಟುವಾಗ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಮನೆಗೆ ಬಂದು, ಮುದ್ದೆ ಕಟ್ಟುತ್ತಿದ್ದ ಯಮುನಾಳಿಗೆ, "ಅವ್ವಂಗೆ ಇಡೀ ಮುದ್ದೆ ಕಟ್ಟು" ಎಂದ. "ಅವ್ಳೇ ಬತ್ತಾಳಂತೆ."