ಗೊಡ್ಡೆಂದು ಕಿತ್ತ ಕುಂಬಳದ ಹೂ

ದೊಡ್ಡಬಳ್ಳಾಪುರದ ಅಂಚಿನಲ್ಲಿರುವ ನಮ್ಮ ಮನೆಯ ಹಿಂದೆ, ಹಳೆಯ ಮಗ್ಗದ ಷೆಡ್ಡಿಗೂ ಕಾಂಪೌಂಡಿನ ಗೋಡೆಗೂ ನಡುವೆ ಒಂದಿಷ್ಟು ನೆಲವಿದೆ. ಮಗ್ಗಗಳನ್ನು ಮಾರಿದ ಮೇಲೆ ನನ್ನ ದಿನಗಳು ಅಲ್ಲಿಯೇ ಕಳೆಯುತ್ತವೆ. ಒಂದು ನುಗ್ಗೆ, ಒಂದು ಕರಿಬೇವು, ಗೋಡೆಗೆ ಹಬ್ಬಿಸಿದ ಅವರೆ, ಷೆಡ್ಡಿನ ತಗಡಿನ ಮೇಲೆ ಹತ್ತಿಸಿದ ಸಿಹಿಗುಂಬಳ. ಇದನ್ನು ತೋಟವೆಂದು ಕರೆಯುವುದು ಸ್ವಲ್ಪ ಜಂಬವೇ ಆದೀತು. ಆದರೂ ಬೆಳಗಾದರೆ ಮಂಡಿನೋವನ್ನು ಎಳೆದುಕೊಂಡು ಹೋಗಿ ಕೂರುವುದಕ್ಕೆ ನನಗೆ ಬೇರೆ ಜಾಗವಿಲ್ಲ.

ಆ ಕುಂಬಳದ ಬೀಜ ನನ್ನ ಹೆಂಡತಿಯ ತವರಿನದು. ಜಡಿಗೇನಹಳ್ಳಿಯ ಕಡೆಯಿಂದ ಅವಳು ಮದುವೆಯಾಗಿ ಬಂದಾಗ ಅವಳ ತಾಯಿ ಸೆರಗಿನ ತುದಿಗೆ ಗಂಟು ಹಾಕಿ ಕಳಿಸಿದ್ದು. ಕಾಯಿ ದೊಡ್ಡದಲ್ಲ. ಸಿಪ್ಪೆಯ ಮೇಲೆ ಬೂದುಬಣ್ಣದ ಪಟ್ಟೆಗಳು, ಒಳಗೆ ಅರಿಸಿನದಂಥ ತಿರುಳು. ಹುಳಿಗೆ ಹಾಕಿ ಎಷ್ಟು ಕುದಿಸಿದರೂ ಹೋಳು ಕರಗದೆ ನಿಲ್ಲುತ್ತದೆ. ವರ್ಷಕ್ಕೊಂದು ಕಾಯನ್ನು ಬಲಿಯಲು ಬಿಟ್ಟು, ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿಡುವುದು ಅವಳ ಪದ್ಧತಿ. ತವರಿನ ಆ ಹೊಲದಲ್ಲಿ ಈಗ ಗೋಡೌನು ಎದ್ದಿದೆ, ಅಲ್ಲಿ ಯಾರ ಬಳಿಯೂ ಆ ಬೀಜ ಉಳಿದಿಲ್ಲ. ಹೋದ ವರ್ಷ ನಮ್ಮ ಬಳ್ಳಿಯೂ ಕಾಯಿ ಕಟ್ಟಲಿಲ್ಲ. ಈ ಸಲ ಮಡಕೆಯ ತಳದಲ್ಲಿದ್ದುದನ್ನೆಲ್ಲ ಊರಿದೆವು. ಎದ್ದದ್ದು ಒಂದೇ ಬಳ್ಳಿ. ಅದೂ ಕಾಯಿ ಕೊಡದೆ ಒಣಗಿದರೆ ಆ ತಳಿ ಅಲ್ಲಿಗೆ ಮುಗಿಯಿತು. ಅವಳಿಗೂ ಅದು ಗೊತ್ತಿತ್ತು. ಖಾಲಿ ಮಡಕೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ ರೀತಿಯಲ್ಲೇ ನನಗೆ ತಿಳಿಯಿತು.

ಚಳಿಗಾಲ ಹಿಡಿಯುತ್ತಿದ್ದಂತೆ ಬಳ್ಳಿ ತುಂಬ ಹೂ ಬಿಟ್ಟಿತು. ಹೀಚುಗಳೂ ಕಾಣಿಸಿಕೊಂಡವು. ನಿಂಬೆಯ ಗಾತ್ರಕ್ಕೆ ಬರುವ ಮೊದಲೇ ಒಂದೊಂದಾಗಿ ಹಳದಿಗೆ ತಿರುಗಿ, ಮೆತ್ತಗಾಗಿ ಉದುರಿದವು.

ಹಿಂದಿನ ಬೀದಿಯಲ್ಲಿರುವ ನನ್ನ ತಂಗಿ ಧನುರ್ಮಾಸದಲ್ಲಿ ದಿನಾ ಬೆಳಗಿನ ಜಾವಕ್ಕೆ ಕುಂಬಳದ ಹೂ ಕೇಳಿಕೊಂಡು ಬರುವವಳು. ನಮ್ಮ ಕಡೆ ಆ ತಿಂಗಳಲ್ಲಿ ಹೆಂಗಸರು ಸೂರ್ಯ ಹುಟ್ಟುವ ಮೊದಲೇ ಅಂಗಳ ಸಾರಿಸಿ, ರಂಗೋಲಿಯ ನಡುವೆ ಸಗಣಿಯ ಬೆನಕನನ್ನಿಟ್ಟು, ಅದರ ನೆತ್ತಿಗೆ ಕುಂಬಳದ ಹೂ ಸಿಕ್ಕಿಸುತ್ತಾರೆ. ಹಾಗೆ ಬಂದ ಒಂದು ದಿನ ಅವಳು ತಗಡಿನತ್ತ ಕೈ ಎತ್ತಿ, “ಅತ್ಗೆ, ಅಲ್ ನೋಡು, ಎಷ್ಟ್ ಚೆನ್ನಾಗಿ ಹೀಚು ಕೂತೈತೆ” ಅಂದಳು. ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಎಲ್ಲರಿಗೂ ಗೊತ್ತು ಎನ್ನುವುದನ್ನೇ ನಾನು ಮೊದಲು ಅನುಮಾನಿಸುವುದು. ನನ್ನ ಹೆಂಡತಿಗೆ ಆ ಕಾಯಿಲೆಯಿಲ್ಲ.

ಆ ಹೀಚು ಬಿದ್ದ ದಿನ ಅವಳು ಅದನ್ನು ತಂದು ನನ್ನ ಮುಂದಿಟ್ಟಳು. “ನೋಡಿದ್ರಾ ನಿಮ್ ತಂಗಿ ಬೆರಳಿನ ಕೆಲ್ಸವ?”

“ಹೋದ ವರ್ಷ ಯಾರ ಬೆರಳು?”

“ಹೋದ ವರ್ಷಾನೂ ಅವಳೇ ತಾನೆ ಬರ್ತಿದ್ದಿದ್ದು.”

ಮಾತು ತಂಗಿಯ ಕಿವಿಗೆ ಮುಟ್ಟಿತು. ಅವಳು ಬರುವುದನ್ನು ನಿಲ್ಲಿಸಿದಳು. ದಾರಿಯಲ್ಲಿ ಸಿಕ್ಕಾಗ ನನಗೆ ಹೇಳಿದ್ದು ಇಷ್ಟೇ: “ನನ್ ಬೆರಳಲ್ಲಿ ಅಷ್ಟು ವಿಷ ಇದ್ರೆ ನಾನ್ಯಾಕಣ್ಣ ಬರ್ಲಿ. ನಿಮ್ಮನೇಲಿ ಸೊಳ್ಳೆ ಕಾಟ ಜಾಸ್ತಿ ಆದ್ರೆ ಹೇಳು, ಬಂದು ಬೆರಳು ತೋರಿಸ್ಬಿಟ್ಟು ಹೋಗ್ತೀನಿ.”

ನನ್ನ ಬಳಿ ಬೇರೊಂದು ವಿವರಣೆ ಸಿದ್ಧವಿತ್ತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಾನು ಮಗ್ಗದ ಸದ್ದಿನ ನಡುವೆ ಪತ್ರಿಕೆಗಳನ್ನೂ ಗ್ರಂಥಾಲಯದ ಪುಸ್ತಕಗಳನ್ನೂ ಓದಿ ಬುದ್ಧಿ ಬೆಳೆಸಿಕೊಂಡವನು. ಜೇನು ಕಡಿಮೆಯಾದರೆ ಬೆಳೆ ಕಡಿಮೆಯಾಗುತ್ತದೆಂದು ಎಷ್ಟೋ ಕಡೆ ಓದಿದ್ದೆ. ಪಕ್ಕದ ಮನೆಯ ರೇಷ್ಮೆಗೂಡಿನ ವ್ಯಾಪಾರಿ ಆ ದೀಪಾವಳಿಯ ಆಸುಪಾಸಿನಲ್ಲಿ ತಮ್ಮ ನೀರಿನ ಟ್ಯಾಂಕಿನ ಕೆಳಗೆ ಕಟ್ಟಿದ್ದ ಹೆಜ್ಜೇನಿಗೆ ಹೊಗೆ ಹಾಕಿಸಿದ್ದರು. ಮನೆಯಲ್ಲಿ ದಖನಿ ಉರ್ದು ಮಾತನಾಡುವ, ನನ್ನ ಹತ್ತಿರ ಕನ್ನಡದಲ್ಲಿ ಜಗಳವಾಡುವ ಹಳೆಯ ಸ್ನೇಹಿತರು. ಗೋಡೆಯಾಚೆಯಿಂದ ಅವರನ್ನು ಕರೆದು ನಮ್ಮ ಹೀಚು ಉದುರಿದ ಹೊಣೆಯನ್ನು ಅವರ ಮೇಲೆ ಹೊರಿಸಿದೆ.

ಅವರು ಹಲ್ಲುಜ್ಜುತ್ತಿದ್ದ ಬ್ರಷ್ಷನ್ನು ಬಾಯಿಂದ ತೆಗೆದರು. “ಅಣ್ಣಾ, ಒಂದು ಕೇಳ್ತೀನಿ. ನಮ್ಮ ಟ್ಯಾಂಕ್ ಕೆಳಗಿನ ಹೆಜ್ಜೇನು ನಿಮ್ ಕುಂಬಳಕ್ಕೆ ಡ್ಯೂಟಿಗೆ ಬರ್ತಿತ್ತಾ? ನೀವು ನೋಡಿದೀರಾ?”

“ನೋಡೋದೇನು, ಓದಿದೀನಲ್ಲ.”

“ಬೆರಳಿನ ವಿಷ್ಯ ಅತ್ತಿಗೆಗೂ ಯಾರೋ ಹೇಳಿದಾರೆ. ಅವ್ರಿಗೂ ನಿಮಗೂ ಏನು ಫರಕ್?”

ಕಣ್ಣಾರೆ ಕಾಣದ್ದನ್ನು ನಂಬಬೇಡವೆಂದು ಜೀವಮಾನವೆಲ್ಲ ಊರಿಗೆ ಉಪದೇಶ ಮಾಡಿದವನು ನಾನು. ಮಾರನೆಯ ಬೆಳಗಿನಿಂದ ಕಂಬಳಿ ಹೊದ್ದು, ಸ್ಟೂಲು ಹಾಕಿಕೊಂಡು ಬಳ್ಳಿಯ ಎದುರು ಕೂತೆ. ಸಾಯುವ ಕಾಲಕ್ಕೆ ಹೂವಿಗೆ ಪಹರೆ ಎಂದು ಹೆಂಡತಿ ನಕ್ಕಳು. ಮಂಜು ಇಳಿಯುತ್ತಿತ್ತು, ಮಾಕಳಿದುರ್ಗದ ಬೆಟ್ಟ ಇನ್ನೂ ಕಾಣುತ್ತಿರಲಿಲ್ಲ.

ಜೇನು ಬಂದವು. ನಾನು ಓದಿದ್ದೆಲ್ಲ ಸುಳ್ಳಾಗುವಂತೆ, ಬೇಕಾದಷ್ಟು ಬಂದವು. ಪೆಟ್ಟಿಗೆಯಲ್ಲಿ ಸಾಕುತ್ತಾರಲ್ಲ, ಆ ತುಡುವೆ ಜೇನು, ಬಿಸಿಲು ತಗಡಿಗೆ ತಾಗುತ್ತಲೇ ಹಾಜರಾಯಿತು. ಷೆಡ್ಡಿನ ಗೋಡೆಯ ಬಿರುಕಿನಲ್ಲಿ ವಾಸವಿರುವ ಇರುವೆಯಷ್ಟು ಚಿಕ್ಕ ಮುಜಂಟಿ ಜೇನುಗಳು ನುಗ್ಗೆ ಹೂವಿಗೆ ಮುತ್ತಿದವು. ಕಪ್ಪು ದುಂಬಿಗಳು ಅವರೆಯ ಹೂವನ್ನು ತಮ್ಮ ಭಾರದಿಂದಲೇ ಬಗ್ಗಿಸಿ ಬಾಯಿ ತೆರೆಸುತ್ತಿದ್ದವು. ಆ ಕೆಲಸ ಜೇನಿನ ಕೈಲಿ ಆಗುವಂಥದ್ದಲ್ಲ. ಎಲ್ಲ ಪುಣ್ಯವನ್ನೂ ಜೇನಿಗೇ ಬರೆಯುವವರು ಒಂದು ಬೆಳಗ್ಗೆ ಅವರೆಯ ಮುಂದೆ ಕೂತು ನೋಡಬೇಕು.

ಕುಂಬಳದ ಹೂವಿಗೆ ಹೊಕ್ಕ ಜೇನು ಮಾತ್ರ ಹೊಕ್ಕಷ್ಟೇ ಬೇಗ ಹೊರಬರುತ್ತಿತ್ತು. ಹಿಂದೆ ಅವು ಕುಂಬಳದ ಹೂವಿನಿಂದ ಬರುವಾಗ ಹೂವಿನ ಪುಡಿ ಮೆತ್ತಿಕೊಂಡು ಅರಿಸಿನದಲ್ಲಿ ಹೊರಳಿದಂತಿರುತ್ತಿದ್ದವು. ಈಗ ಮೈ ಶುಭ್ರವಾಗಿತ್ತು. ಹಲವು ಬೆಳಗುಗಳು ಹಾಗೇ ಕಂಡಿತು. ಮಗ್ಗದಲ್ಲಿ ನೂಲು ಮುಗಿದದ್ದು ತಿಳಿಯದೆ ಲಾಳಿ ಓಡುವುದುಂಟು. ಸದ್ದು ಸರಿಯಾಗಿಯೇ ಇರುತ್ತದೆ, ಬಟ್ಟೆ ಮಾತ್ರ ಬೆಳೆಯುವುದಿಲ್ಲ. ಹಾಗಿದ್ದರೆ ನೂಲು ಎಲ್ಲಿ ಹೋಯಿತು? ಎದ್ದು ಬಳ್ಳಿಯನ್ನು ಹತ್ತಿರದಿಂದ ನೋಡಿದೆ. ಅರಳಿದ್ದ ಹೂಗಳಿಗೆಲ್ಲ ಬುಡದಲ್ಲಿ ಹೀಚಿತ್ತು, ಎಲ್ಲವೂ ಹೆಣ್ಣು. ಉದ್ದ ತೊಟ್ಟಿನ ಗಂಡುಹೂಗಳಿದ್ದ ಕಡೆ ಬರೀ ಚಿವುಟಿದ ತೊಟ್ಟುಗಳು.

ಬುಡದಲ್ಲಿ ಹೀಚಿಲ್ಲದ ಆ ಹೂವಿಗೆ ನಮ್ಮ ಬೀದಿಯಲ್ಲಿ ಗೊಡ್ಡು ಹೂ ಎಂದು ಹೆಸರು. ಹೇಗೂ ಕಾಯಾಗುವುದಿಲ್ಲ, ದೇವರಿಗಾದರೂ ಸಲ್ಲಲಿ ಎಂದು ಕೀಳುತ್ತಾರೆ. ಹೀಚಿರುವ ಹೂವನ್ನು ಯಾರೂ ಮುಟ್ಟುವುದಿಲ್ಲ, ಅದು ಪಾಪ. ಹಿಂದೆ ಪ್ರತಿ ಹಿತ್ತಲಲ್ಲೂ ಒಂದು ಕುಂಬಳವಿತ್ತು, ಅವರವರ ಬೆನಕನಿಗೆ ಅವರವರ ಹೂ. ಈಗ ಹಿತ್ತಲುಗಳೆಲ್ಲ ಬಾಡಿಗೆ ಮನೆಗಳಾಗಿವೆ. ಬೀದಿಯ ಅಷ್ಟೂ ಬೆನಕರಿಗೆ ನಮ್ಮ ಒಂದೇ ಬಳ್ಳಿ. ಅಂಗಳಕ್ಕೆ ಹೋಗಿ ನೋಡಿದೆ. ಅರಳುವ ಮೊದಲೇ ಕಿತ್ತ ಹೂಗಳು ಸಗಣಿಯ ಮೇಲೆ ಅರ್ಧ ಬಾಯಿ ಮುಚ್ಚಿಕೊಂಡು ಬಾಡಿದ್ದವು.

ಗಂಡುಹೂ ಕಿತ್ತರೆ ಹೀಚು ನಿಲ್ಲುವುದಿಲ್ಲವೆಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

“ನಮ್ಮವ್ವನೂ ಕೀಳ್ತಿದ್ಲು. ಅವಳಿಗೆ ಬೇಡ ಬೇಡ ಅಂದ್ರೂ ಕಾಯಿ ಬಿಡ್ತಿತ್ತು.”

“ನಿಮ್ಮವ್ವನ ಹೊಲದ ಸುತ್ತ ಬೇರೆಯವರ ಬಳ್ಳಿ ಇದ್ವಲ್ಲ. ಆ ಗಂಡುಹೂವಿನ ಪುಡೀನ ಜೇನು ಹೊತ್ಕೊಂಡು ಬರ್ತಿತ್ತು.”

“ನೀವು ಹೋಗಿ ನೋಡಿದ್ರಾ?”

ನೋಡಿರಲಿಲ್ಲ. ಎರಡನೆಯ ಸಲ ಅದೇ ಪ್ರಶ್ನೆಗೆ ಸೋತು ಎದ್ದು ಹೋದೆ. ವಾದ ಮಾಡುವ ಶಕ್ತಿ ಈಗೀಗ ಹೊತ್ತೇರುವ ಮೊದಲೇ ಮುಗಿಯುತ್ತದೆ. ದೇವರ ಹೂವನ್ನು ಹೆಂಡತಿಯಿಂದ ಕಿತ್ತುಕೊಳ್ಳುವಷ್ಟು ಹಟ ನನ್ನಲ್ಲಿ ಉಳಿದಿಲ್ಲ. ಬಳ್ಳಿಯ ತುದಿಗಳು ಆಗಲೇ ಸಣ್ಣಗಾಗುತ್ತಿದ್ದವು. ಇನ್ನು ಬರುವ ಹೆಣ್ಣುಹೂಗಳು ಕೆಲವೇ.

ಮಾರನೆಯ ಬೆಳಗ್ಗೆ ಅಂಗಳದ ಬೆನಕನ ನೆತ್ತಿಯ ಮೇಲೆ ಹುಚ್ಚೆಳ್ಳಿನ ಹೂವಿತ್ತು. ಗೇಟಿನ ಬಳಿ ಹೂ ಕೇಳಲು ಬಂದ ಹೆಂಗಸರಿಗೆ ಅವಳು ಹೇಳುತ್ತಿದ್ದುದು ಕೇಳಿಸಿತು: “ಬಳ್ಳಿಗೆ ಹುಳ ಬಿದ್ದೈತೆ ಕಣ್ರವ್ವ, ಹೂವೇ ಇಲ್ಲ.” ಹಿತ್ತಲಲ್ಲಿ ಗಂಡುಹೂಗಳು ದೀಪ ಹಚ್ಚಿದಂತೆ ಅರಳಿದ್ದವು. ಆ ದಿನ ಜೇನುಗಳು ಹಳದಿಯಾಗಿ ಹೊರಬಂದವು.

ಒಂದು ಹೀಚು ನಿಂತಿತು. ನಿಂಬೆಯ ಗಾತ್ರ ದಾಟಿತು, ತೆಂಗಿನಕಾಯಿಯ ಗಾತ್ರ ದಾಟಿತು. ಅಷ್ಟರಲ್ಲಿ ಷೆಡ್ಡಿನ ಮೂಲೆಯಲ್ಲಿ ಒಂದು ಹರಕು ಚಪ್ಪಲಿಯೂ ನೇತಾಡುತ್ತಿತ್ತು, ದೃಷ್ಟಿಗೆ. ಯಾವುದರಿಂದ ಕಾಯಿ ಉಳಿಯಿತೆಂದು ನ್ಯಾಯವಾಗಿ ಕೇಳಿದರೆ ನಾನು ಹೂವಿನ ಪುಡಿಯೆನ್ನುತ್ತೇನೆ, ಅವಳು ಚಪ್ಪಲಿಯೆನ್ನುತ್ತಾಳೆ. ಒಂದೇ ಕಾಯಿ ಯಾರ ಪರವಾಗಿಯೂ ಪೂರ್ತಿ ಸಾಕ್ಷಿ ಹೇಳಲಾರದು. ಬೇರೆಯವರ ಮಾತನ್ನು ಅನುಮಾನಿಸುವವನು ತನ್ನ ಮಾತಿಗೆ ರಿಯಾಯಿತಿ ಕೊಟ್ಟುಕೊಳ್ಳಬಾರದು.

ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಎಲೆಗಳು ಒಣಗಿ, ತಗಡಿನ ಮೇಲೆ ಆ ಕಾಯೊಂದೇ ಕೂತಿತ್ತು. ಹೆಂಡತಿ ನನ್ನ ಮುಖ ನೋಡದೆ ಹೇಳಿದಳು, “ನಿಮ್ ತಂಗಿಗೆ ಹೇಳಿ. ಬೀಜ ಬೇಕಾದ್ರೆ ಬರ್ಲಿ. ಒಂದೇ ಮನೇಲಿ ಇಟ್ರೆ ಹಿಂಗೇ ಆಗೋದು.”

ತಂಗಿ ಬಂದಳು. ಕಾಯನ್ನು ಇಳಿಸಿ ಕಟ್ಟೆಯ ಮೇಲಿಟ್ಟಿದ್ದೆವು. ಅವಳು ಎರಡು ಕೈಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡು, ದೂರದಲ್ಲೇ ನಿಂತು ಗಲ್ಲದಿಂದ ಕಾಯನ್ನು ತೋರಿಸಿದಳು. “ಇದೇನಾ?”

“ಅದೇ” ಅಂದಳು ನನ್ನ ಹೆಂಡತಿ.

“ಬಲ್ತೈತಾ?”

ಬೀಜಕ್ಕೆ ಬಿಟ್ಟ ಕುಂಬಳವನ್ನು ಒಡೆಯುವ ಮೊದಲು ಸಿಪ್ಪೆಗೆ ಉಗುರು ಒತ್ತಿ ನೋಡುವುದು ರೂಢಿ. ಉಗುರು ಇಳಿದರೆ ಬೀಜ ಎಳೆಯದು. ಆ ಪರೀಕ್ಷೆಯನ್ನು ನಮ್ಮ ಮನೆಯಲ್ಲಿ ನನ್ನ ಹೆಂಡತಿ ನನಗೂ ಬಿಟ್ಟುಕೊಟ್ಟವಳಲ್ಲ. ಅವಳು ಕಟ್ಟೆಯಿಂದ ಪಕ್ಕಕ್ಕೆ ಸರಿದಳು.

“ನನಗೆ ಕಣ್ಣು ಮಂಜು. ನೀನೇ ಒತ್ತಿ ನೋಡು.”

ತಂಗಿ ನನ್ನ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಬಲಗೈಯನ್ನು ಬಿಡಿಸಿಕೊಂಡು, ಅದೇ ತೋರುಬೆರಳಿನ ಉಗುರನ್ನು ಸಿಪ್ಪೆಗಿಟ್ಟು ಒತ್ತಿದಳು. ಉಗುರು ಬಿಳಿಚಿತು. ಸಿಪ್ಪೆಯ ಮೇಲೆ ಗೀರೂ ಬೀಳಲಿಲ್ಲ.

“ಇಳೀತಿಲ್ಲ ಅತ್ಗೆ” ಅಂದಳು.

ಹೆಂಡತಿ ಒಳಗೆ ಹೋಗಿ ಕತ್ತಿಯನ್ನೂ, ಒಲೆಯ ಬೂದಿಯನ್ನೂ, ಒಂದರ ಬದಲು ಎರಡು ಮಡಕೆಗಳನ್ನೂ ತಂದಿಟ್ಟಳು.